ಸೋಡಚೀಟಿ ಬರೆದ ಮಾತ್ರಕ್ಕೆ ವಿಚ್ಛೇದನವಾಗದು: ಕೋರ್ಟು ಕೇಳುವ ಕಾಗದಗಳು ಯಾವುವು, ಏಕೆ?

ಪ್ರಶ್ನೆ: ನನ್ನ ತವರು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿ. ನಾವು ಲಿಂಗಾಯತರು. 2018ರಲ್ಲಿ ಚಿಂಚೋಳಿ ತಾಲ್ಲೂಕಿನ ಮಠದ ಜಾತ್ರೆಯಲ್ಲಿ ನಡೆದ ಸಾಮೂಹಿಕ ವಿವಾಹದಲ್ಲಿ ನನ್ನ ಲಗ್ನವಾಯಿತು. ಗಂಡ ಹೈದರಾಬಾದಿನಲ್ಲಿ ಕೆಲಸ ಮಾಡುತ್ತಾರೆ. ಹೊಂದಾಣಿಕೆಯಾಗದೆ 2022ರ ಯುಗಾದಿಯ ನಂತರ ಮಗಳನ್ನು ಕರೆದುಕೊಂಡು ತವರಿಗೆ ಬಂದೆ. 2023ರಲ್ಲಿ ಎರಡೂ ಕಡೆಯ ಹಿರಿಯರು ಸೇರಿ ನೂರು ರೂಪಾಯಿಯ ಬಾಂಡ್ ಪೇಪರಿನಲ್ಲಿ ಸೋಡಚೀಟಿ (ಗಂಡ-ಹೆಂಡತಿ ಬೇರೆಯಾದರೆಂಬ ಬಿಡುಗಡೆ ಪತ್ರ) ಬರೆಸಿ, ನೋಟರಿ ಮಾಡಿಸಿ, ಇಬ್ಬರ ಸಹಿ ಹಾಕಿಸಿದರು. ಈಗ ಅವರ ಮನೆಯಲ್ಲಿ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ನನಗೂ ಕೋರ್ಟಿನಿಂದಲೇ ಬಿಡುಗಡೆ ಬೇಕು. ವಿಚಾರಿಸಲು ಹೋದಾಗ ಕೋರ್ಟಿನ ಹೊರಗೆ ಟೈಪ್ ಮಾಡುವವರು, ಮ್ಯಾರೇಜ್ ಸರ್ಟಿಫಿಕೇಟ್ ಇಲ್ಲದೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ, ಗಂಡನ ಊರಿನ ಕೋರ್ಟಿಗೇ ಹೋಗಬೇಕು ಎಂದರು. ನನ್ನ ಆಧಾರ್‌ನಲ್ಲಿ ಇನ್ನೂ ಗಂಡನ ಮನೆಯ ವಿಳಾಸವಿದೆ. ಲಗ್ನದಲ್ಲಿ ಕೊಟ್ಟ ಬಂಗಾರ, ಭಾಂಡೆ ಸಾಮಾನು ಎಲ್ಲ ಅಲ್ಲೇ ಉಳಿದಿವೆ. ಯಾವ ಯಾವ ಕಾಗದ ಹೊಂದಿಸಬೇಕು, ಎಲ್ಲಿಗೆ ಹೋಗಬೇಕು ತಿಳಿಸಿ. (ಹೆಸರು ಬೇಡ, ಬೀದರ್ ಜಿಲ್ಲೆ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಕಾಣುತ್ತವೆ. ಕೈಯಲ್ಲಿರುವ ಕಾಗದಕ್ಕೆ ಬೆಲೆ ಇದೆಯೋ ಇಲ್ಲವೋ ಎಂಬುದು ಮೊದಲನೆಯದು. ಇಲ್ಲದ ಕಾಗದದಿಂದಾಗಿ ಕೋರ್ಟಿನ ಬಾಗಿಲೇ ಮುಚ್ಚಿಬಿಡುತ್ತದೆಯೋ ಎಂಬುದು ಎರಡನೆಯದು. ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತಿರುವ ನನ್ನ ಬಳಿಗೆ ತಿಂಗಳಿಗೆ ಒಬ್ಬರಾದರೂ ಇದೇ ಬಾಂಡ್ ಪೇಪರನ್ನು ಮಡಚಿ ಹಿಡಿದುಕೊಂಡು ಬರುತ್ತಾರೆ. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಆ ಕಾಗದವನ್ನು ನೋಡಿದವರಿಗೆ ಅದು ಬಹಳ ಗಟ್ಟಿಯಾದ ದಾಖಲೆ ಎಂದೇ ತೋರುತ್ತದೆ. ಮೇಲೆ ಛಾಪಾ ಕಾಗದದ ಮುದ್ರೆ, ಕೆಳಗೆ ನೋಟರಿಯ ದುಂಡು ಸೀಲು ಮತ್ತು ಕೆಂಪು ಸ್ಟಿಕರು, ಪಕ್ಕದಲ್ಲಿ ಐದಾರು ಜನ ಪಂಚರ ಸಹಿ, ಒಂದೆರಡು ಹೆಬ್ಬೆಟ್ಟು, ಒಳಗೆ ‘ಇಂದಿನಿಂದ ನಾವಿಬ್ಬರೂ ಸ್ವಖುಷಿಯಿಂದ ಬೇರೆಯಾಗಿದ್ದೇವೆ, ಯಾರೂ ಯಾರ ಮೇಲೂ ತಕರಾರು ಮಾಡುವಂತಿಲ್ಲ’ ಎಂಬ ಒಕ್ಕಣೆ. ಆದರೆ ಸಹಿ ಮಾಡಿದವರು ಇವರೇ ಎಂದು ದೃಢೀಕರಿಸುವುದಷ್ಟೇ ನೋಟರಿಯ ಕೆಲಸ. ಮದುವೆಯನ್ನು ರದ್ದುಪಡಿಸುವ ಅಧಿಕಾರ ಅವರಿಗೂ ಇಲ್ಲ, ಪಂಚರಿಗೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ನಡೆದ ಮದುವೆ ನ್ಯಾಯಾಲಯದ ಡಿಕ್ರಿಯಿಂದ, ಅಂದರೆ ಅಂತಿಮ ಆದೇಶದಿಂದ, ಮಾತ್ರ ವಿಸರ್ಜನೆಯಾಗುತ್ತದೆ. ಸಮುದಾಯದ ರೂಢಿಯ ಪ್ರಕಾರ ಆಗುವ ವಿಚ್ಛೇದನಕ್ಕೆ ಅದೇ ಕಾಯ್ದೆಯ 29ನೇ ಕಲಂನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅಂಥ ರೂಢಿ ತಮ್ಮಲ್ಲಿ ಬಹುಕಾಲದಿಂದ ಖಚಿತವಾಗಿ ನಡೆದುಬಂದಿದೆ ಎಂದು ಹೇಳುವವರು ಅದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸಿ ಸಾಕ್ಷ್ಯದಿಂದ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ‘ನಮ್ಮ ಕಡೆ ಹಿಂಗೇ ಮಾಡ್ತಾರ’ ಎಂಬ ಮಾತು ಅದಕ್ಕೆ ಸಾಲುವುದಿಲ್ಲ.

ಹಾಗಾಗಿ ಕಾನೂನಿನ ಕಣ್ಣಿನಲ್ಲಿ ನೀವಿಬ್ಬರೂ ಇಂದಿಗೂ ಗಂಡ-ಹೆಂಡತಿ. ಅವರು ಇದೇ ಕಾಗದವನ್ನು ನಂಬಿ ಇನ್ನೊಂದು ಲಗ್ನವಾದರೆ ಆ ಲಗ್ನ ಅಸಿಂಧುವಾಗುತ್ತದೆ, ಮತ್ತು ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧವೂ ಆಗುತ್ತದೆ. ಇದೇ ಮಾತು ನಿಮಗೂ ಅನ್ವಯಿಸುತ್ತದೆ. ಬರಲಿರುವ ಆ ಇನ್ನೊಬ್ಬ ಹೆಣ್ಣುಮಗಳು ಹೆಂಡತಿಯ ಹಕ್ಕೇ ಇಲ್ಲದ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತಾಳೆ ಎಂಬುದನ್ನು ಅವರ ಮನೆಯ ಹಿರಿಯರಿಗೆ ಯಾರಾದರೂ ತಿಳಿಹೇಳಬೇಕು.

ಹಾಗೆಂದು ಆ ಕಾಗದವನ್ನು ಹರಿದು ಹಾಕಬೇಡಿ. ನೀವು ಕನಿಷ್ಠ 2023ರಿಂದಲಾದರೂ ಬೇರೆಯಾಗಿ ವಾಸಿಸುತ್ತಿದ್ದೀರಿ ಎಂಬುದಕ್ಕೆ ಅದು ಒಳ್ಳೆಯ ಲಿಖಿತ ಸಾಕ್ಷ್ಯ, ಅದರಲ್ಲೂ ಗಂಡನ ಸಹಿ ಇರುವ ಸಾಕ್ಷ್ಯ. ಆದರೆ ಒಂದು ಕಡೆ ಅದು ನಿಮಗೆ ತಿರುಗಿ ಬೀಳಬಹುದು, ಇದನ್ನು ಬಹಳ ಜನ ಗಮನಿಸುವುದಿಲ್ಲ. ‘ಗಂಡ ನನ್ನನ್ನು ತೊರೆದು ಎರಡು ವರ್ಷವಾಯಿತು’ ಎಂಬ ಕಾರಣದ ಮೇಲೆ ವಿಚ್ಛೇದನ ಕೇಳುವವರು, ಅರ್ಜಿ ಹಾಕುವುದಕ್ಕೆ ನಿಕಟಪೂರ್ವದ ಎರಡು ವರ್ಷ, ತಮ್ಮ ಒಪ್ಪಿಗೆಯಿಲ್ಲದೆ, ಸರಿಯಾದ ಕಾರಣವಿಲ್ಲದೆ ಆತ ದೂರವಿದ್ದನೆಂದು ತೋರಿಸಬೇಕು. ‘ಸ್ವಖುಷಿಯಿಂದ ಬೇರೆಯಾಗಿದ್ದೇವೆ’ ಎಂದು ನೀವೇ ಬರೆದುಕೊಟ್ಟ ಮೇಲೆ ತೊರೆದು ಹೋದರೆಂಬ ವಾದ ನಿಲ್ಲುವುದು ಕಷ್ಟ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ನೆರವಾಗುವ ಅದೇ ಕಾಗದ, ತೊರೆಯುವಿಕೆಯ ಪ್ರಕರಣದಲ್ಲಿ ಎದುರಾಳಿಯ ಕೈಗೆ ಸಿಗುವ ಆಯುಧ. ಆದ್ದರಿಂದಲೇ ಕಾಗದ ಹೊಂದಿಸುವ ಮೊದಲು, ಯಾವ ಕಾಗದ ಯಾವ ಮಾತನ್ನು ಸಾಬೀತುಪಡಿಸುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅದು ತಿಳಿದರೆ ನಿಮಗೆ ಹೇಳಿದಂಥ ಗಾಳಿಮಾತುಗಳಿಗೆ ಹೆದರಿ ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ನ್ಯಾಯಾಲಯ ಮೊದಲು ತಿಳಿಯಬಯಸುವುದು, ನಿಮ್ಮಿಬ್ಬರ ಮಧ್ಯೆ ಕಾನೂನುಬದ್ಧ ಮದುವೆ ನಡೆದಿದೆಯೇ ಎಂಬುದನ್ನು. ನೋಂದಣಿ ಪ್ರಮಾಣಪತ್ರ ಇದ್ದರೆ ಈ ಕೆಲಸ ಸುಲಭ, ಆದರೆ ಅದಿಲ್ಲದಿದ್ದರೆ ಅರ್ಜಿಯೇ ಇಲ್ಲ ಎಂಬುದು ತಪ್ಪು. ನೋಂದಣಿ ಮಾಡಿಸದ ಮಾತ್ರಕ್ಕೆ ಮದುವೆ ಅಸಿಂಧುವಾಗುವುದಿಲ್ಲ. ವಿಧಿಪೂರ್ವಕವಾಗಿ ಮದುವೆಯೇ ಆಗದೆ ಬರೀ ಪ್ರಮಾಣಪತ್ರವಿದ್ದರೆ ಅದರಿಂದ ಮದುವೆ ಹುಟ್ಟುವುದೂ ಇಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಲಿಂಗಾಯತರಿಗೆ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆಯೇ ಎಂದು ನಮ್ಮ ಭಾಗದಲ್ಲಿ ಅನೇಕರು ಕೇಳುತ್ತಾರೆ. ಕಾಯ್ದೆಯ 2ನೇ ಕಲಂನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ಹೇಳಿರುವುದರಿಂದ ಅದರಲ್ಲಿ ಸಂಶಯವಿಲ್ಲ. ಬೌದ್ಧ, ಜೈನ, ಸಿಖ್ಖರಿಗೂ ಅದೇ ಕಾಯ್ದೆ. ಸಪ್ತಪದಿ ತುಳಿಯದಿದ್ದರೂ ನಿಮ್ಮ ಸಂಪ್ರದಾಯದಂತೆ ತಾಳಿ ಕಟ್ಟಿ ಅಕ್ಷತೆ ಬಿದ್ದಿದ್ದರೆ ಸಾಕು, ಏಕೆಂದರೆ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನೇ ಕಾಯ್ದೆ ಮಾನ್ಯ ಮಾಡುತ್ತದೆ.

ಆದ್ದರಿಂದ ನೀವು ಹುಡುಕಬೇಕಾದದ್ದು ಲಗ್ನಪತ್ರಿಕೆ, ತಾಳಿ ಕಟ್ಟುವ ಮತ್ತು ಅಕ್ಷತೆಯ ಹೊತ್ತಿನ ಫೋಟೊ, ಹಾಗೂ ಮಗಳ ಜನನ ಪ್ರಮಾಣಪತ್ರ. ಸಾಮೂಹಿಕ ವಿವಾಹವಾದ್ದರಿಂದ ಮಠದಲ್ಲಿ ಜೋಡಿಗಳ ಹೆಸರು ಬರೆದುಕೊಂಡ ಪುಸ್ತಕವಿದೆಯೇ ಎಂದು ವಿಚಾರಿಸಿ, ಇದ್ದರೆ ಮಠದಿಂದ ಒಂದು ದೃಢೀಕರಣ ಪತ್ರ ಕೇಳಿ ಪಡೆಯಿರಿ. ತಂದೆಯ ಹೆಸರಿನ ಮುಂದೆ ನಿಮ್ಮ ಗಂಡನ ಹೆಸರು, ತಾಯಿಯ ಹೆಸರಿನ ಮುಂದೆ ನಿಮ್ಮ ಹೆಸರು ಇರುವ ಮಗಳ ಜನನ ಪ್ರಮಾಣಪತ್ರ ಎಲ್ಲಕ್ಕಿಂತ ಬೇಗ ಸಿಗುವ, ಯಾರೂ ಅಲ್ಲಗಳೆಯಲಾಗದ ದಾಖಲೆ. ಫೋಟೊಗಳು ಮೊಬೈಲಿನಲ್ಲಿ ಮಾತ್ರ ಇದ್ದರೆ ಪ್ರಿಂಟ್ ಹಾಕಿಸಿದ ಮೇಲೂ ಮೊಬೈಲಿನ ಮೂಲ ಫೈಲನ್ನು ಅಳಿಸಬೇಡಿ. ವಿದ್ಯುನ್ಮಾನ ದಾಖಲೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಂತೆ ಒಂದು ಪ್ರಮಾಣಪತ್ರವನ್ನು ಜೊತೆಗಿಡಬೇಕಾಗುತ್ತದೆ, ಅದನ್ನು ವಕೀಲರು ಸಿದ್ಧಪಡಿಸುತ್ತಾರೆ. ಬೀದರ್ ಕಡೆಯ ಎಷ್ಟೋ ಲಗ್ನಪತ್ರಿಕೆಗಳು ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತವೆ. ಹಾಗಿದ್ದರೆ ಕನ್ನಡ ಅನುವಾದವನ್ನೂ ಸೇರಿಸಬೇಕು. ವಿಚ್ಛೇದನ ಪಡೆಯುವುದಕ್ಕಾಗಿ ಈಗ ಹೋಗಿ ಮದುವೆ ನೋಂದಣಿ ಮಾಡಿಸಿಕೊಂಡು ಬನ್ನಿ ಎಂದು ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ.

ಎರಡನೆಯದಾಗಿ, ಅರ್ಜಿ ಹಾಕಿದ ನ್ಯಾಯಾಲಯಕ್ಕೆ ಈ ಪ್ರಕರಣ ನಡೆಸುವ ವ್ಯಾಪ್ತಿ ಇರಬೇಕು. ಮದುವೆ ನಡೆದ ಜಾಗ, ಎದುರುದಾರ ವಾಸಿಸುವ ಜಾಗ, ದಂಪತಿ ಕೊನೆಯದಾಗಿ ಜೊತೆಗಿದ್ದ ಜಾಗ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಇದರ ಜೊತೆಗೆ 2003ರ ತಿದ್ದುಪಡಿಯಿಂದ, ಹೆಂಡತಿಯೇ ಅರ್ಜಿದಾರಳಾಗಿದ್ದರೆ ಆಕೆ ಅರ್ಜಿ ಹಾಕುವ ದಿನ ವಾಸಿಸುತ್ತಿರುವ ಸ್ಥಳದಲ್ಲೂ ದಾವೆ ಹೂಡಬಹುದು. ಚಿಂಚೋಳಿಗೂ ಹೈದರಾಬಾದಿಗೂ ಹೋಗುವ ಅಗತ್ಯ ನಿಮಗಿಲ್ಲ. ತವರಿನಲ್ಲಿ ಇದ್ದೀರಿ ಎಂಬುದಕ್ಕೆ ಆಧಾರ್ ಒಂದೇ ಪುರಾವೆಯಲ್ಲ. ನಾಡಕಚೇರಿಯಿಂದ ವಾಸಸ್ಥಳ ಪ್ರಮಾಣಪತ್ರ, ಮಗಳು ಓದುತ್ತಿರುವ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಈ ಊರಿನ ಬ್ಯಾಂಕಿನ ಪಾಸ್‌ಬುಕ್ಕು ಇವುಗಳಲ್ಲಿ ಎರಡು ಸಿಕ್ಕರೂ ಸಾಕು. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟ ಪ್ರದೇಶವಾದರೆ ಅಲ್ಲಿಗೆ, ಇಲ್ಲವಾದರೆ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಕ್ಕೆ ಅರ್ಜಿ ಹೋಗುತ್ತದೆ. ನಿಮ್ಮ ಹಳ್ಳಿ ಯಾವುದಕ್ಕೆ ಸೇರುತ್ತದೆ ಎಂಬುದು ತಾಲ್ಲೂಕು ನ್ಯಾಯಾಲಯದ ಕಚೇರಿಯಲ್ಲಿ ಒಂದು ಮಾತು ಕೇಳಿದರೆ ತಿಳಿಯುತ್ತದೆ.

ಇನ್ನು ಅರ್ಜಿಯ ವಿಷಯ. ಇಬ್ಬರ ಹೆಸರು, ವಯಸ್ಸು, ವಿಳಾಸ, ಮದುವೆಯಾದ ದಿನಾಂಕ ಮತ್ತು ಸ್ಥಳ, ಮಗುವಿನ ಹೆಸರು ಮತ್ತು ಜನ್ಮದಿನಾಂಕ, ಯಾವಾಗ ಏಕೆ ಬೇರೆಯಾದಿರಿ, ಇಬ್ಬರ ಮಧ್ಯೆ ಈ ಹಿಂದೆ ಬೇರೆ ಪ್ರಕರಣಗಳು ಇದ್ದವೇ, ಇವೆಲ್ಲ ಅದರಲ್ಲಿ ಬರಬೇಕು. ಇಬ್ಬರೂ ಒಳಒಪ್ಪಂದ ಮಾಡಿಕೊಂಡು ನ್ಯಾಯಾಲಯವನ್ನು ವಂಚಿಸುತ್ತಿಲ್ಲ ಎಂಬ ಹೇಳಿಕೆ ಮತ್ತು ಬರೆದದ್ದೆಲ್ಲ ಸತ್ಯವೆಂಬ ದೃಢೀಕರಣ ಕಡ್ಡಾಯ. ಜೊತೆಗೆ ಪ್ರಮಾಣಪತ್ರ ಅಂದರೆ ಅಫಿಡವಿಟ್, ವಕೀಲರಿದ್ದರೆ ವಕಾಲತ್ತು, ದಾಖಲೆಗಳ ಪಟ್ಟಿ, ಗುರುತಿನ ಚೀಟಿಯ ಪ್ರತಿ, ಫೋಟೊ. ವಿಚ್ಛೇದನದ ಅರ್ಜಿಗೆ ಕೋರ್ಟ್ ಶುಲ್ಕ ಅತ್ಯಲ್ಪ. ದೊಡ್ಡ ಮೊತ್ತವನ್ನು ಯಾರಾದರೂ ‘ಕೋರ್ಟ್ ಫೀ’ ಎಂದು ಕೇಳಿದರೆ ರಸೀದಿ ಕೇಳಿ. ಮೊದಲು ವಕೀಲರ ನೋಟಿಸು ಕಳುಹಿಸಲೇಬೇಕೆಂಬ ನಿಯಮವಿಲ್ಲ. ಅರ್ಜಿಯನ್ನು ಕನ್ನಡದಲ್ಲೇ ಬರೆಸಿ. ನಿಮ್ಮ ಬದುಕಿನ ಕಥೆ ನಿಮಗೇ ಓದಲು ಬಾರದ ಭಾಷೆಯಲ್ಲಿ ಇದ್ದರೆ, ಪಾಟೀ ಸವಾಲಿನ (ಎದುರಾಳಿಯ ವಕೀಲರು ಪ್ರಶ್ನೆ ಕೇಳುವ) ದಿನ ಅದರಲ್ಲಿ ಏನಿದೆ ಎಂಬುದೇ ನಿಮಗೆ ಗೊತ್ತಿರುವುದಿಲ್ಲ. ಹೀಗೆ ಅರ್ಜಿಯಲ್ಲೊಂದು, ಬಾಯಲ್ಲೊಂದು ಆಗಿ ಸತ್ಯವಂತರೇ ಸುಳ್ಳುಗಾರರಂತೆ ಕಂಡ ಪ್ರಸಂಗಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಿಮ್ಮ ಮುಂದಿರುವ ದಾರಿಗಳಲ್ಲಿ, ಅವರೂ ಬಿಡುಗಡೆ ಬಯಸುತ್ತಿರುವುದರಿಂದ, ಪರಸ್ಪರ ಒಪ್ಪಿಗೆಯ ವಿಚ್ಛೇದನವೇ ನನ್ನ ಮೊದಲ ಸಲಹೆ. ಕಾಯ್ದೆಯ 13-ಬಿ ಕಲಂ ಪ್ರಕಾರ ಒಂದು ವರ್ಷ ಅಥವಾ ಹೆಚ್ಚು ಕಾಲ ಬೇರೆಯಾಗಿ ವಾಸಿಸಿರುವ ದಂಪತಿ ಕೂಡಿ ಒಂದೇ ಅರ್ಜಿ ಹಾಕುತ್ತಾರೆ. ಆರು ತಿಂಗಳಿಗೆ ಕಡಿಮೆಯಿಲ್ಲದಂತೆ, ಹದಿನೆಂಟು ತಿಂಗಳು ಮೀರದಂತೆ ಮತ್ತೊಮ್ಮೆ ಬಂದು ಇಬ್ಬರೂ ತಮ್ಮ ಒಪ್ಪಿಗೆಯನ್ನು ತಿಳಿಸಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಪ್ರಕರಣಗಳಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಹುಕಾಲದಿಂದ ಬೇರೆಯಾಗಿದ್ದು, ರಾಜಿಯ ಪ್ರಯತ್ನ ಮುಗಿದು, ಜೀವನಾಂಶ, ಮಗುವಿನ ಪಾಲನೆ ಎಲ್ಲವೂ ನಿಜವಾಗಿ ಇತ್ಯರ್ಥವಾಗಿದ್ದರೆ ಅದಕ್ಕೆ ಪ್ರತ್ಯೇಕ ಅರ್ಜಿ ಕೊಡಬಹುದು. ಆದರೆ ಮನ್ನಾ ಮಾಡುವುದು ನ್ಯಾಯಾಧೀಶರ ವಿವೇಚನೆ. ‘ಒಂದೇ ತಿಂಗಳಲ್ಲಿ ಮಾಡಿಸಿಕೊಡುತ್ತೇನೆ’ ಎನ್ನುವವರ ಮಾತನ್ನು ನಂಬಿ ಮುಂದಿನ ಲಗ್ನದ ಮುಹೂರ್ತ ಇಡಿಸಬಾರದು.

ಈ ದಾರಿಯ ಅಪಾಯಗಳು ಎರಡು. ಡಿಕ್ರಿ ಆಗುವ ಮೊದಲು ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಮೊದಲ ಹಾಜರಿಯಲ್ಲೇ ನಿಮ್ಮ ಮೇಲಿನ ಎಲ್ಲ ಹೊಣೆ ತೀರಿಸಿಬಿಟ್ಟು ಅವರ ಕಡೆಯಿಂದ ಬರಬೇಕಾದದ್ದನ್ನೆಲ್ಲ ಕೊನೆಗೆ ಬಿಡಬೇಡಿ. ಎಷ್ಟು ಮೊತ್ತ, ಯಾವ ದಿನ, ಚೆಕ್ಕೋ ಡಿಡಿಯೋ, ಯಾವ ಸಾಮಾನು ಎಲ್ಲಿ ಒಪ್ಪಿಸಬೇಕು ಎಂಬುದೆಲ್ಲ ರಾಜಿ ಪತ್ರದಲ್ಲಿ ಬರಲಿ. ಎರಡನೆಯ ಅಪಾಯ ಇದಕ್ಕಿಂತ ದೊಡ್ಡದು. ಬೇಗ ಮುಗಿದರೆ ಸಾಕೆಂಬ ದಣಿವಿನಲ್ಲಿ ಹೆಣ್ಣುಮಕ್ಕಳು ‘ನನಗೂ ಮಗುವಿಗೂ ಏನೂ ಬೇಡ’ ಎಂದು ಬರೆದುಕೊಡುತ್ತಾರೆ. ಮಗಳಿಗೆ ತಂದೆಯಿಂದ ಸಿಗಬೇಕಾದ ಜೀವನಾಂಶ ಮಗಳ ಹಕ್ಕು, ಅದನ್ನು ತಾಯಿಯಾದ ನೀವು ಬಿಟ್ಟುಕೊಡಲು ಬರುವುದಿಲ್ಲ. ಸೋಡಚೀಟಿಯಲ್ಲಿ ಹಾಗೆ ಬರೆದಿದ್ದರೂ ಮಗಳ ಹಕ್ಕು ಹೋಗಿಲ್ಲ. ಖಾಲಿ ಬಾಂಡ್ ಪೇಪರಿಗೆ, ಓದಿ ಕೇಳದ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಅವರು ಒಪ್ಪದಿದ್ದರೆ ಉಳಿಯುವುದು ತಕರಾರಿನ ಅರ್ಜಿ. ತೊರೆಯುವಿಕೆಯ ಕಾರಣ ನಿಮಗೆ ಏಕೆ ಕಷ್ಟ ಎಂಬುದನ್ನು ಆಗಲೇ ಹೇಳಿದ್ದೇನೆ. ಕ್ರೌರ್ಯದ ಕಾರಣ ಇದೆಯೇ ಎಂಬುದು ‘ಹೊಂದಾಣಿಕೆಯಾಗಲಿಲ್ಲ’ ಎಂಬ ನಿಮ್ಮ ಒಂದು ಪದದಿಂದ ನನಗೆ ತಿಳಿಯದು, ಅದನ್ನು ವಕೀಲರ ಮುಂದೆ ಕೂತು ಬಿಚ್ಚಿ ಹೇಳಬೇಕು. ಕ್ರೌರ್ಯವೆಂದರೆ ಹೊಡೆತ ಮಾತ್ರವಲ್ಲ, ಪೊಲೀಸ್ ದೂರು ಇರಲೇಬೇಕೆಂದೂ ಇಲ್ಲ. ಚಿಕಿತ್ಸೆಯ ಚೀಟಿ, ಮೊಬೈಲಿನ ಸಂದೇಶ, ನೋಡಿದವರ ಸಾಕ್ಷ್ಯ ಇವೆಲ್ಲ ಪರಿಗಣನೆಗೆ ಬರುತ್ತವೆ. ಎಷ್ಟೋ ವರ್ಷ ದೂರವಿದ್ದರೆ ವಿಚ್ಛೇದನ ತಾನಾಗಿಯೇ ಸಿಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣದ ಮೇಲೆ ವಿಸರ್ಜಿಸುವ ವಿಶೇಷ ಅಧಿಕಾರ, 2023ರ ತೀರ್ಪಿನ ಪ್ರಕಾರ, ಸುಪ್ರೀಂ ಕೋರ್ಟಿಗೆ ಇದೆಯೇ ಹೊರತು ಕೆಳಗಿನ ನ್ಯಾಯಾಲಯಗಳಿಗೆ ಇಲ್ಲ. ಈ ದಾರಿ ವರ್ಷಗಟ್ಟಲೆ ಹಿಡಿಯಬಹುದು.

ವಿಚ್ಛೇದನ ಆಗಲಿ ಬಿಡಲಿ, ಜೀವನಾಂಶವನ್ನು ಈಗಲೇ ಕೇಳಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂನಲ್ಲಿ, ಅಂದರೆ ಹಳೆಯ ಸಿಆರ್‌ಪಿಸಿ 125ರ ಜಾಗದಲ್ಲಿ ಬಂದ ಕಲಂನಲ್ಲಿ, ನಿಮಗೂ ಮಗಳಿಗೂ ಅರ್ಜಿ ಹಾಕಲು ಅವಕಾಶವಿದೆ. ಇಲ್ಲಿ ಬೇಕಾಗುವ ಮುಖ್ಯ ಕಾಗದ ಆಸ್ತಿ ಮತ್ತು ಹೊಣೆಗಾರಿಕೆಗಳ ಅಫಿಡವಿಟ್. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ ಇಬ್ಬರೂ ತಮ್ಮ ಆದಾಯ, ಖರ್ಚು, ಆಸ್ತಿ, ಸಾಲವನ್ನು ಅದರಲ್ಲಿ ಬಹಿರಂಗಪಡಿಸಬೇಕು. ಗಂಡ ‘ನನಗೆ ಕೆಲಸವೇ ಇಲ್ಲ’ ಎಂದು ಬರೆಯುವುದು ಸಾಮಾನ್ಯ. ಆದ್ದರಿಂದ ಕೆಲಸ ಮಾಡುವ ಕಂಪನಿಯ ಹೆಸರು, ಹಿಂದೆ ನಿಮ್ಮ ಖಾತೆಗೆ ಹಣ ಹಾಕಿದ ದಾಖಲೆ, ಜಮೀನಿದ್ದರೆ ಸರ್ವೆ ನಂಬರು ಗೊತ್ತುಮಾಡಿಕೊಂಡು ಪಹಣಿ ತೆಗೆಸಿ. ಪಹಣಿಯನ್ನು ಯಾರು ಬೇಕಾದರೂ ತೆಗೆಸಬಹುದು. ಜಮೀನು ಮಾವನವರ ಹೆಸರಿನಲ್ಲಿದ್ದರೆ ಅದನ್ನು ಗಂಡನ ಆಸ್ತಿ ಎಂದು ಬರೆಯಬೇಡಿ; ಇದ್ದದ್ದನ್ನು ಇದ್ದಂತೆ ಹೇಳಿ.

ಬಂಗಾರ ಮತ್ತು ಭಾಂಡೆ ಸಾಮಾನಿನ ವಿಷಯದಲ್ಲಿ ನಿಮ್ಮ ಮನೆಯಲ್ಲೇ ಒಂದು ಒಳ್ಳೆಯ ದಾಖಲೆ ಇರಬಹುದು. ನಮ್ಮ ಭಾಗದಲ್ಲಿ ಲಗ್ನ ನಿಶ್ಚಯದ ದಿನ ಯಾದಿ, ಅಂದರೆ ಕೊಡುವ ಬಂಗಾರ-ಸಾಮಾನಿನ ಪಟ್ಟಿ, ಬರೆಯುವ ಪದ್ಧತಿ ಇದೆಯಲ್ಲ, ಆ ಯಾದಿಯನ್ನು ಹುಡುಕಿ. ಮೂರು ವರ್ಷಗಳ ಹಿಂದೆ ಒಬ್ಬ ತಾಯಿ ದೇವರ ಕೋಣೆಯ ಟ್ರಂಕಿನಿಂದ ಅಂಥದ್ದೊಂದು ಯಾದಿಯನ್ನು ನನಗೆ ತಂದುಕೊಟ್ಟರು. ನೋಟ್‌ಬುಕ್ಕಿನ ಒಂದು ಹಾಳೆ, ನಾಲ್ಕೂ ಮೂಲೆಗೆ ಹಚ್ಚಿದ ಅರಿಶಿನ ಮಾಸಿತ್ತು. ‘ಬಂಗಾರ ಮೂರು ತೊಲಿ, ಹಿತ್ತಾಳಿ ಕೊಡ ಎರಡು, ಕಪಾಟು, ಗಾದಿ, ಪಲ್ಲಂಗ’ ಎಂದು ಬರೆದು ಕೆಳಗೆ ಬೀಗರಿಬ್ಬರೂ ಸಹಿ ಮಾಡಿದ್ದರು. ‘ಒಂದು ಚಮಚವೂ ತಂದಿಲ್ಲ’ ಎನ್ನುತ್ತಿದ್ದ ಗಂಡಿನ ಕಡೆಯವರು ತಮ್ಮದೇ ಸಹಿ ಕಂಡ ಮೇಲೆ ರಾಜಿಗೆ ಬಂದರು. ಯಾದಿ ತೋರಿಸಿದರೆ ವರದಕ್ಷಿಣೆ ಕೊಟ್ಟವರೆಂದು ನಮ್ಮ ಮೇಲೇ ಕೇಸಾಗುತ್ತದೆ ಎಂಬ ಭಯ ತಂದೆ-ತಾಯಿಗಳಿಗೆ ಇರುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ಅಪರಾಧ, ಅದು ನಿಜ. ಆದರೆ ನೊಂದವರು ನೀಡಿದ ಹೇಳಿಕೆಯ ಕಾರಣಕ್ಕೆ ಅವರ ಮೇಲೆ ಅದೇ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲವೆಂದು ಅದರ 7ನೇ ಕಲಂ ರಕ್ಷಣೆ ಕೊಟ್ಟಿದೆ. ಹಾಗಿದ್ದರೂ ಯಾದಿಯನ್ನು ಮೊದಲು ವಕೀಲರಿಗೆ ತೋರಿಸಿ, ಅವರು ಹೇಳಿದಂತೆ ಹಾಜರುಪಡಿಸಿ.

ಇದನ್ನು ಓದುವ ಇತರರಿಗಾಗಿ ಒಂದು ಮಾತು. ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದಿಲ್ಲವೆಂದು ಅದರ 2ನೇ ಕಲಂ ಹೇಳುತ್ತದೆ. ಆದ್ದರಿಂದ ಸುರಪುರ, ಶಹಾಪುರ ಕಡೆಯ ನಾಯಕ ಸಮುದಾಯದವರು ಅರ್ಜಿ ಹಾಕುವ ಮೊದಲು, ತಮ್ಮ ಲಗ್ನ ಯಾವ ವಿಧಿಯಲ್ಲಿ ಆಯಿತು, ಯಾವ ರೂಢಿಯನ್ನು ಪಾಲಿಸುತ್ತೇವೆ ಎಂಬುದನ್ನು ವಕೀಲರಿಗೆ ವಿವರವಾಗಿ ಹೇಳಬೇಕು. ಮುಸ್ಲಿಮರಿಗೆ, ಕ್ರೈಸ್ತರಿಗೆ, ರಿಜಿಸ್ಟರ್ ಮದುವೆಯಾದ ಅಂತರಧರ್ಮೀಯ ದಂಪತಿಗೆ ಬೇರೆ ಕಾಯ್ದೆಗಳಿವೆ, ಕಾಗದಗಳಲ್ಲೂ ವ್ಯತ್ಯಾಸವಿದೆ.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಬರೆದುಕೊಟ್ಟರೆ ವಕೀಲರನ್ನು ನೇಮಿಸುತ್ತಾರೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಪ್ರಕರಣ ದಾಖಲಾದ ಮೇಲೆ ಸಿಗುವ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅದರಿಂದ ಮುಂದಿನ ತಾರೀಖನ್ನು ಮೊಬೈಲಿನಲ್ಲೇ ನೋಡಬಹುದು. ಡಿಕ್ರಿಯಾದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಎರಡು ಪ್ರತಿ ತೆಗೆದುಕೊಳ್ಳಿ. ತಕರಾರಿನ ಪ್ರಕರಣವಾಗಿದ್ದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಇಬ್ಬರೂ ಮರುಮದುವೆಯಾಗುವಂತಿಲ್ಲ.

ಈ ವಾರ ಮಾಡಬೇಕಾದದ್ದು ಇಷ್ಟು: ಸೋಡಚೀಟಿಯ ಮೂಲ ಪ್ರತಿ ಯಾರ ಬಳಿ ಇದೆ ಎಂದು ನಿಮ್ಮ ಕಡೆಯ ಪಂಚರನ್ನು ಕೇಳಿ, ಅದು ಗಂಡನ ಮನೆಯಲ್ಲಿದ್ದರೆ ಒಂದು ಝೆರಾಕ್ಸ್ ತರಿಸಿಕೊಳ್ಳಿ. ಲಗ್ನಪತ್ರಿಕೆ, ಮಗಳ ಜನನ ಪ್ರಮಾಣಪತ್ರ, ಯಾದಿ ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟು, ವಕೀಲರಿಗೆ ಸದ್ಯಕ್ಕೆ ಝೆರಾಕ್ಸ್ ಪ್ರತಿಗಳನ್ನು ಮಾತ್ರ ಕೊಡಿ. ಮೂಲ ಪ್ರತಿಗಳು ನ್ಯಾಯಾಲಯಕ್ಕೆ ಹಾಜರುಪಡಿಸುವ ದಿನದವರೆಗೆ ನಿಮ್ಮ ಬಳಿಯೇ ಇರಲಿ.